ಒಣ ನಾರು, ನೆನೆದ ನಾರು

ರಾಟೆಯ ಮುಂದೆ ಕೂತ ಹಗ್ಗದಣ್ಣನಷ್ಟು ತಾಳ್ಮೆಯ ಮನುಷ್ಯ ಆ ಬೀದಿಯಲ್ಲೇ ಇರಲಿಲ್ಲ. ಮೂವತ್ತೊಂದು ವರ್ಷದಿಂದ ನಾರನ್ನು ಚಿಟಿಕೆ ಚಿಟಿಕೆಯಾಗಿ ಸೇರಿಸಿ, ಒಂದೇ ದಪ್ಪಕ್ಕೆ ಹಗ್ಗ ಹೊಸೆದವನು. ರಾಟೆ ಬಿಟ್ಟು ಎದ್ದನೋ, ಕಾಲಿಗೆ ಚಕ್ರ.

ಆ ಶನಿವಾರ ಚಕ್ರ ಉರುಳಿದ್ದು ನಾಯಿ ಡಾಕ್ಟ್ರಮ್ಮನ ಬಾಗಿಲಿಗೆ. ಕಂಕುಳಲ್ಲಿ ಹನ್ನೊಂದು ವರ್ಷದ ನಾಯಿ, ಕುಂಚ. ಬಾಲದ ಕೂದಲು ನೋಡಿ ಇಟ್ಟ ಹೆಸರು. ಮೂರು ದಿನದಿಂದ ಅದಕ್ಕೆ ಮಲವೇ ಹೋಗಿರಲಿಲ್ಲ.

ಡಾಕ್ಟ್ರಮ್ಮ ಹೊಟ್ಟೆ ಒತ್ತಿ ನೋಡಿದರು. "ಗಟ್ಟಿಯಾಗಿದೆ. ಸೋಮವಾರ ಬೆಳಿಗ್ಗೆಯೊಳಗೆ ಆಗದಿದ್ರೆ ಅರಿವಳಿಕೆ ಕೊಟ್ಟು ತೆಗೀಬೇಕು. ಈ ವಯಸ್ಸಿಗೆ ಅದು ಅಪಾಯ. ಊಟದಲ್ಲಿ ನಾರು ಜಾಸ್ತಿ ಮಾಡಿ."

ಹಗ್ಗದಣ್ಣ ಬೆಚ್ಚಿಬಿದ್ದ. "ನಾರಾ? ಅಂಗಡಿ ತುಂಬಾ ಇರೋದೇ ಅದು! ಎಲ್ಲಿ ತಿಂದುಬಿಡುತ್ತೋ ಅಂತ ಹನ್ನೊಂದು ವರ್ಷದಿಂದ ಇದನ್ನ ಓಡಿಸ್ತಾ ಇದೀನಲ್ಲ ಡಾಕ್ಟ್ರಮ್ಮಾ!"

"ಹಗ್ಗದ ನಾರಲ್ಲ ಸ್ವಾಮಿ, ತಿನ್ನೋ ನಾರು! ಬೇಯಿಸಿದ ಸಿಹಿಗುಂಬಳ ಎರಡು ಚಮಚ, ಚಿಟಿಕೆ ಗೋಧಿ ತೌಡು. ಆದ್ರೆ ನೀರು..."

ಅಷ್ಟರಲ್ಲಿ ಆತ ಮೆಟ್ಟಿಲಿಳಿದಾಗಿತ್ತು.

ಮನೆಗೆ ಬಂದವನೇ ಬಟ್ಟಲು ತುಂಬಾ ತೌಡು ಸುರಿದ. ಕುಂಚ ಯಜಮಾನನ ಮುಖ ನೋಡಿ, ಪಾಪ, ಅರ್ಧ ತಿಂದಿತು. ಸಂಜೆ ಹಿತ್ತಲಲ್ಲಿ ತಿಣುಕಿ ತಿಣುಕಿ ಸುಸ್ತಾಗಿ ಮಲಗಿಬಿಟ್ಟಿತು.

"ಚಿಟಿಕೆ ಅಂದ್ರೆ ಬಟ್ಟಲು ತುಂಬಾನಾ?" ಹೆಂಡತಿ ಗದರಿದಳು. "ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ನೆ ಹೇಳಿಲ್ಲ ಕಣ್ರೀ."

ಭಾನುವಾರ ಬೆಳಿಗ್ಗೆ ಆತ ಸಂಕಟ ತಡೆಯಲಾರದೆ ರಾಟೆಯ ಮುಂದೆ ಕೂತ. ನಾರಿನ ರಾಶಿಯ ಮೇಲೆ ಎಂದಿನಂತೆ ನೀರು ಚಿಮುಕಿಸಿದ. ಕೈ ಅಲ್ಲೇ ನಿಂತಿತು.

ಒಣ ನಾರು ಸಿಡಿಯುತ್ತದೆ, ಗಂಟು ಕಟ್ಟುತ್ತದೆ. ನೆನೆದ ನಾರು ಮಾತ್ರ ಸಾಲಾಗಿ ಜಾರುತ್ತದೆ. ಹದಿನೈದನೇ ವಯಸ್ಸಿಗೇ ಅಪ್ಪ ತಲೆಗೆ ಮೊಟಕಿ ಹೇಳಿಕೊಟ್ಟ ಪಾಠ!

"ಲೇ, ನೀರು ಕಣೇ! ಡಾಕ್ಟ್ರಮ್ಮ ಹೇಳಕ್ಕೆ ಹೊರಟಿದ್ದು ನೀರು! ಒಣ ನಾರು ಕೊಟ್ಟುಬಿಟ್ಟೆ ನಾನು!"

ಫೋನ್ ಮಾಡಿದ. ಡಾಕ್ಟ್ರಮ್ಮ ನಕ್ಕು, ಹೌದೆಂದು, ತೌಡು ಸದ್ಯಕ್ಕೆ ಬೇಡವೆಂದರು. ಅಂದು ಕುಂಬಳ ನುಣ್ಣಗೆ ಬೆಂದಿತು. ಹೊತ್ತಿಗೆ ಎರಡೇ ಚಮಚ, ತೆಳ್ಳಗೆ ಕಲಸಿದ ಊಟದ ಜೊತೆ. ನೀರಿನ ತಟ್ಟೆ ಬರಿದಾಗಲು ಆತ ಬಿಡಲಿಲ್ಲ. ರಾಟೆಯ ಮುಂದಿನ ತಾಳ್ಮೆ ಮೊದಲ ಸಲ ಅಡುಗೆಮನೆಗೆ ಬಂದಿತ್ತು.

ಸೋಮವಾರ ಬೆಳಕು ಹರಿಯುವಾಗ ಕುಂಚ ಹಿತ್ತಲ ಮೂಲೆಗೆ ಹೋಯಿತು. ಒಂದು ಸುತ್ತು, ಎರಡು ಸುತ್ತು. ಬೆನ್ನು ಬಾಗಿಸಿತು. ಹಗ್ಗದಣ್ಣ ಉಸಿರು ಬಿಗಿಹಿಡಿದು ನಿಂತ.

ಕಿಟಕಿಯಿಂದ ಹೆಂಡತಿ ಕೂಗಿದಳು: "ಏನ್ರೀ ಇದು, ಈ ಪಾಟಿ ನಾರ್ತಿದೆ!"

"ನಾರ್ಲಿ ಕಣೇ! ನಾರು ಕೊಟ್ಟಿದ್ದಕ್ಕೇ ನಾರ್ತಿರೋದು!" ಆತ ಕುಣಿದಾಡುತ್ತಲೇ ಫೋನ್ ಎತ್ತಿಕೊಂಡ.

"ಆಯ್ತಾ? ಹೇಗಿದೆ?" ಡಾಕ್ಟ್ರಮ್ಮನ ದನಿಯಲ್ಲಿ ಇನ್ನೂ ನಿದ್ದೆಯಿತ್ತು.

ಹಗ್ಗದಣ್ಣ ಬಗ್ಗಿ, ಮೂವತ್ತೊಂದು ವರ್ಷದ ಕಣ್ಣಿನಿಂದ ಪರೀಕ್ಷಿಸಿದ.

"ಒಂದೇ ದಪ್ಪ ಡಾಕ್ಟ್ರಮ್ಮಾ! ಎಲ್ಲೂ ಗಂಟಿಲ್ಲ!"