ನೀಲವ್ವ ದೊಡ್ಡವ್ವನ ಹಗೇವು

ಹೋದ ಶುಕ್ರವಾರ ಮುಂಜಾನೆ ನರಗುಂದದ ನಮ್ಮ ಓಣಿಯಲ್ಲಿ ಹಾಜರಿದ್ದವರು ಇವರು: ನಮ್ಮ ನೀಲವ್ವ ದೊಡ್ಡವ್ವ, ಬಾಜೂ ಮನೆಯ ಬಸಪ್ಪ ಕಾಕಾ, ಹಗೇವು ತೋಡುವ ಹುಸೇನಸಾಬ, ಸಡಕು ಮಾಡಿಸುವ ಓವರಸಿಯರ್ ಸಾಹೇಬರು, ಯಾರದೋ ಎರಡು ಆಡು, ಮತ್ತು ನಾನು. ಎಲ್ಲರೂ ನಿಂತಿದ್ದರು. ನಾನೊಬ್ಬನೇ ಧೂಳಿನಲ್ಲಿ ಅಡ್ಡ ಬಿದ್ದು ನೆಲಕ್ಕೆ ಕಿವಿ ಹಚ್ಚಿದ್ದೆ.

(ವಯಸ್ಸು ನಲವತ್ತಾರು. ಪೇಪರಿಗೆ ಬರೆಯುವ ಮನುಷ್ಯ. ಮೈಮೇಲೆ ಇಸ್ತ್ರಿ ಅಂಗಿ.)

"ಏನರೆ ಕೇಳಸ್ತೈತೇನೋ ತಮ್ಮಾ?" ಅಂದಳು ದೊಡ್ಡವ್ವ.

"ಏನೂ ಇಲ್ಲ ದೊಡ್ಡವ್ವಾ."

"ಗಡಬಡ ಮಾಡಬ್ಯಾಡ. ಹೊಟ್ಟಿ ತುಂಬಿದ ನೆಲಾ ಲಗೂನ ಮಾತಾಡೂದಿಲ್ಲ."

ಹಗೇವು ಕಾಣದ ಓದುಗರಿಗೆ ಒಂದು ಮಾತು. ನೆಲದೊಳಗೆ ಆಳಾಗಿ ತೋಡಿದ ಜೋಳದ ಕುಣಿ ಅದು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಳಗೆ ಸುತ್ತಲೂ ಹೊಟ್ಟು ಹಾಸಿ, ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣು ಎಳೆದರೆ ಮುಗಿಯಿತು. ಆಮೇಲೆ ಅದರ ಮೇಲೆ ಚಕ್ಕಡಿ ಹಾಯುತ್ತವೆ, ಹುಡುಗರು ಚಿಣಿಪಣಿ ಆಡುತ್ತಾರೆ. ಗುರುತು? ಮನೆಯವರ ತಲೆಯೊಳಗೆ ಮಾತ್ರ.

ನಮ್ಮ ಊರಿನ ಇತಿಹಾಸ ಕೇಳಿದರೆ ಯಾರಾದರೂ ಕೈ ಎತ್ತಿ ಗುಡ್ಡ ತೋರಿಸುತ್ತಾರೆ. ಕೋಟೆ, ಬಂಡಾಯ, ಗುಂಡು ಹಾರಿಸಿದ ತೋಪು. ಇರಲಿ, ಖರೇ ಅದು. ಆದರೆ ನನಗೆ ಸಣ್ಣಂದಿನಿಂದ ಇನ್ನೊಂದು ಊರಿನ ಕನಸು. ನಮ್ಮ ಊರಿನ ಕೆಳಗೊಂದು ಊರು ಇದೆ. ಅಲ್ಲಿ ಬೀದಿಯಿಲ್ಲ, ಬೆಳಕಿಲ್ಲ. ಕತ್ತಲ ಕೋಣೆಗಳಲ್ಲಿ ಹಳೆಯ ಸುಗ್ಗಿಗಳು ಒಂದರ ಪಕ್ಕ ಒಂದು ಮಲಗಿವೆ. ನಾವು ಮೇಲೆ ಜಗಳಾಡುತ್ತೇವೆ, ಲಗ್ನ ಮಾಡುತ್ತೇವೆ. ಅವು ಸುಮ್ಮನೆ ಕೇಳಿಸಿಕೊಳ್ಳುತ್ತವೆ.

ಆ ಕೆಳಗಿನ ಊರಿನಲ್ಲಿ ನಮ್ಮ ದೊಡ್ಡವ್ವನದೂ ಒಂದು ಕೋಣೆ ಇತ್ತು. ಇತ್ತೋ ಇಲ್ಲವೋ, ಅದೇ ಪ್ರಶ್ನೆ.

ನಲವತ್ತು ವರ್ಷದ ಹಿಂದೆ ಪ್ಲೇಗು ಬಂದಾಗ ಊರಿಗೆ ಊರೇ ಹೊಲದ ಗುಡಿಸಲಿಗೆ ಹೋಗಿತ್ತು. ಅಪ್ಪ ಅವ್ವನನ್ನು ಮೊದಲೇ ಹೊಲಕ್ಕೆ ಕಳಿಸಿದ್ದ ದೊಡ್ಡಪ್ಪ, ತಾವು ಹೋಗುವ ಹಿಂದಿನ ದಿನ ಹಗೇವು ತುಂಬಿಸಿ ಹೆಂಡತಿಗೆ ಹೇಳಿದನಂತೆ, "ಹೊಸ್ತಿಲದಿಂದ ಏಳು ಹೆಜ್ಜಿ. ನೆನಪಿಟಗೋ." ಮೂರು ವಾರಕ್ಕೆ ಗುಡಿಸಲಲ್ಲೇ ತೀರಿಹೋದ. ಬಸುರಿ ದೊಡ್ಡವ್ವನನ್ನು ಜಕ್ಕಲಿಯ ತವರಿನವರು ಕರೆದೊಯ್ದರು. ಎರಡು ವರ್ಷ ಬಿಟ್ಟು ಮಗಳನ್ನು ಕಂಕುಳಲ್ಲಿಟ್ಟುಕೊಂಡು ಬಂದು ಏಳು ಹೆಜ್ಜೆ ಅಳೆದಳು. ಅಗೆದರು. ಬರೀ ಮಣ್ಣು! ಆಮೇಲೆ ಮೂರು ಸಲ ಅಗೆದರು. ಮತ್ತೂ ಮಣ್ಣು.

ಆಕೆಯ ಅತ್ತೆ ಸಾಯುವ ತನಕ ಒಂದೇ ಮಾತು ಆಡಿದಳು: "ಜ್ವಾಳಾ ಎಲ್ಲಿ ಹೊಕ್ಕೈತಿ? ಜಕ್ಕಲಿ ಹಾದಿ ಹಿಡದೈತಿ."

ಗಂಡನ ಮನೆಯ ಕಾಳನ್ನು ತವರಿಗೆ ಸಾಗಿಸಿದಳು ಅಂತ ಅರ್ಥ. ನಮ್ಮ ಕಡೆ ಸೊಸೆಗೆ ಇದಕ್ಕಿಂತ ದೊಡ್ಡ ಬೈಗುಳ ಉಂಟೆ? ಅತ್ತೆ ಹೋದಳು, ಮಾತು ಹೋಗಲಿಲ್ಲ. ಓಣಿಯಲ್ಲಿ ಅದು ಗಾದೆಯೇ ಆಯಿತು. ಯಾರಾದರೂ ಇಲ್ಲದ್ದನ್ನು ಕೊಡುತ್ತೇನೆ ಅಂದರೆ, "ಎಲ್ಲಿಂದ ತರತಿ, ನೀಲವ್ವನ ಹಗೇವಿನಿಂದೇನು?"

ಈಗ ಓಣಿಗೆ ಖಡಿ ಸಡಕು ಬರುತ್ತಿದೆ. ಸೋಮವಾರ ರೋಲರ್. ಆಮೇಲೆ ಯಾರು ಅಗೆಯಲು ಬಿಡುತ್ತಾರೆ? ದೊಡ್ಡವ್ವ ನನಗೆ ಕಾರ್ಡು ಬರೆಸಿದಳು: "ಸಡಕ ಆಗೂದರಾಗ ಬಾ. ಸತ್ತಮ್ಯಾಲೆ ಬರೂದೇನೂ ಬ್ಯಾಡ."

ಬಂದೆ. ಬಂದು ಧೂಳಿನಲ್ಲಿ ಮಲಗಿದೆ.

"ಪ್ಲಾನಿನಾಗ ಹಗೇವು ಇಲ್ರಿ ಅಜ್ಜಿ," ಅಂದರು ಓವರಸಿಯರ್. ಸೌಮ್ಯ ಮನುಷ್ಯ. ಕೈಯಲ್ಲಿ ಟೇಪು.

"ನಿನ್ನ ಪ್ಲಾನಿನಾಗ ನಾನೂ ಇಲ್ಲ. ಇಲ್ಲೇ ನಿಂತೀನಿ ನೋಡು."

ಬಸಪ್ಪ ಕಾಕಾ ತನ್ನ ಕಟ್ಟೆಯ ಮೇಲಿಂದ ನಕ್ಕ. "ಅಕ್ಕಾ, ಸಿಕ್ಕರ ನನಗ ಎರಡು ಚೀಲಾ ಕೊಡಬೇಕು. ಸಿಗಲಿಲ್ಲಂದ್ರ ಒಂದ ಸಾಕು!"

"ನಿನಗ ರೊಟ್ಟಿ ಮಾಡೇ ತಿನ್ನಸ್ತೀನಿ, ತಾಳು ಬಸಪ್ಪಾ."

ಹುಸೇನಸಾಬ ಕಬ್ಬಿಣದ ಹಾರಿಯಿಂದ ನೆಲ ಕುಟ್ಟುತ್ತ ಹೊರಟ. ತುಂಬಿದ ಹಗೇವಿನಲ್ಲೂ ಕಾಳು ಕುಸಿದು ಬಾಯಿಯ ಹತ್ತಿರ ಪೊಳ್ಳಾಗಿರುತ್ತದೆ, ಅಲ್ಲಿ ನೆಲದ ಸದ್ದು ಬೇರೆ. ಅದಕ್ಕೇ ನಾನು ಕಿವಿ ಹಚ್ಚಿದ್ದು. ಓಣಿಯ ಹೆಂಗಸರು ಬೀಸುವ ಕಲ್ಲು ನಿಲ್ಲಿಸಿದರು. ಬಾವಿಯ ಗಾಲಿ ನಿಂತಿತು. ಇಡೀ ಓಣಿ ಉಸಿರು ಹಿಡಿದು ನೆಲದ ಮಾತು ಕೇಳುತ್ತಿತ್ತು. ದಡ್. ದಡ್. ದಡ್.

ಮಧ್ಯಾಹ್ನದವರೆಗೂ ದಡ್ ದಡ್ಡೇ.

"ಗಟ್ಟಿ ನೆಲಾ ಐತ್ರಿ," ಅಂದ ಹುಸೇನಸಾಬ, ದೊಡ್ಡವ್ವನ ಮುಖ ನೋಡದೆ.

ದೊಡ್ಡವ್ವ ಎದ್ದು ಒಳಗೆ ಹೋದಳು. ಅಳಲಿಕ್ಕೆ ಹೋದಳೇನೋ ಅಂತ ನಾನು ಹಿಂದೆ ಹೋದೆ. ಅಡುಗೆಮನೆಯಲ್ಲಿ ಒಲೆಯ ಮುಂದೆ ನಿಂತಿದ್ದಳು.

"ಅವತ್ತ ಅವರು ಹಗೇವಿನ ಬಾಯಾಗ ನಿಂತಿದ್ರು. ನಾ ಇಲ್ಲಿಂದನ ರೊಟ್ಟಿ, ಮಜ್ಜಿಗಿ ಒಯ್ದು ಕೊಟ್ಟಿದ್ದೆ," ಅಂದಳು. ಕಣ್ಣು ಮುಚ್ಚಿಕೊಂಡಳು. ಎರಡೂ ಕೈ ಮುಂದೆ ಚಾಚಿದಳು, ಗಡಿಗೆ ಹಿಡಿದವರ ಹಾಗೆ. ನಡೆಯತೊಡಗಿದಳು.

ನಾನು ರಟ್ಟೆ ಹಿಡಿಯಲು ಹೋದೆ.

"ಮುಟ್ಟಬ್ಯಾಡ. ಮಾತೂ ಆಡಬ್ಯಾಡ. ಮಜ್ಜಿಗಿ ಚೆಲ್ಲತೈತಿ."

ಅಡುಗೆಮನೆ ದಾಟಿದಳು. ಪಡಸಾಲೆಗೆ ಬಂದಳು. ಎಪ್ಪತ್ತರ ಹತ್ತಿರದ ಮುದುಕಿಯ ಕಾಲು ಅಲ್ಲ ಅವು. ಇಪ್ಪತ್ತೆಂಟರ ಹೆಣ್ಣುಮಗಳು ತುಂಬಿದ ಗಡಿಗೆ ಹಿಡಿದು ಗಂಡನ ಕಡೆ ಹೊರಟಿದ್ದಳು. ಬಾಗಿಲು ಬಲಕ್ಕಿತ್ತು. ಆಕೆ ಎಡಕ್ಕೆ ತಿರುಗಿದಳು. ಎರಡು ಹೆಜ್ಜೆ. ಚಾಚಿದ ಕೈ ಹೋಗಿ ಗೋಡೆಗೆ ತಾಗಿದವು.

ಕಣ್ಣು ತೆರೆದು ಗೋಡೆಯನ್ನೇ ನೋಡಿದಳು.

"ಬಾಗಲಾ ಇಲ್ಲಿತ್ತೋ ತಮ್ಮಾ."

ಹುಸೇನಸಾಬ ಬಂದು ಗೋಡೆಯ ಮಣ್ಣು ಕೆರೆದ. ಒಳಗೆ ಇಟ್ಟಂಗಿ ತುಂಬಿದ ಬಾಗಿಲಿನ ಆಕಾರ! ಮಗನ ಸಾವಿನ ನಂತರ ಮಾವ ಆ ಬಾಗಿಲು ಅಪಶಕುನ ಅಂತ ಮುಚ್ಚಿಸಿ, ಬಲಕ್ಕೆ ಹೊಸ ಬಾಗಿಲು ತೆಗೆಸಿದ್ದ. ಸೊಸೆ ಆಗ ಜಕ್ಕಲಿಯಲ್ಲಿದ್ದಳು. ಹೊಸ್ತಿಲು ಮಾತ್ರ ಮನೆತನದ್ದು, ಬಿಡಲಿಕ್ಕೆ ಬರುವುದಿಲ್ಲ. ಅದನ್ನೇ ಕಿತ್ತು ಹೊಸ ಬಾಗಿಲಿಗೆ ಕೂಡಿಸಿದ್ದರು. ಅದೇ ಹೊಸ್ತಿಲಿಗೆ ಆಕೆ ದಿನಾ ಅರಿಶಿಣ ಹಚ್ಚಿದಳು. ಗಂಡ ಹೇಳಿದಂತೆ ಅದರಿಂದಲೇ ಏಳು ಹೆಜ್ಜೆ ಅಳೆದಳು. ತಪ್ಪು ಎಲ್ಲಿದೆ? ಹೊಸ್ತಿಲೇ ನಡೆದು ಬಂದಿತ್ತು!

(ಬಂದಾಗಲೇ ಕಾಣಲಿಲ್ಲವೇ, ಅಷ್ಟು ವರ್ಷ ನೆನಪಾಗಲಿಲ್ಲವೇ ಅಂತ ಕೇಳಬೇಡಿ. ಗಂಡನಿಲ್ಲದ ಮನೆಗೆ ಬಂದವಳ ಕಣ್ಣಿಗೆ ಬಿದ್ದದ್ದು ಅದೇ ಹೊಸ್ತಿಲು, ಗೋಡೆಯಲ್ಲ. ನಲವತ್ತು ವರ್ಷ ಒಂದೇ ಬಾಗಿಲಲ್ಲಿ ಹಾದಾಡಿ ನೋಡಿ. ಇನ್ನೊಂದು ಬಾಗಿಲು ನಿಮ್ಮ ತಲೆಯಲ್ಲಿ ಉಳಿದರೆ ಹೇಳಿ.)

ಹಳೆಯ ಬಾಗಿಲಿನ ನೇರಕ್ಕೆ ಹೊರಗೆ ನಿಂತು ಹೆಜ್ಜೆ ಹಾಕಿದೆವು. ಐದು. ಆರು. ಏಳನೆಯದು ಬಸಪ್ಪ ಕಾಕಾ ಎತ್ತು ಕಟ್ಟುವ ಗೂಟದ ಬುಡಕ್ಕೆ ಬಿತ್ತು.

ಹುಸೇನಸಾಬ ಹಾರಿ ಎತ್ತಿ ಇಳಿಸಿದ.

ಧಂ.

ಕಿವಿ ಹಚ್ಚುವುದೇ ಬೇಕಾಗಲಿಲ್ಲ. ಓವರಸಿಯರ್ ಎರಡು ಹೆಜ್ಜೆ ಹಿಂದೆ ಸರಿದರು. ಬಸಪ್ಪ ಕಾಕಾ ಕಟ್ಟೆ ಇಳಿದು ಬಂದು, ಯಾರೂ ಹೇಳದೆ, ತಾನೇ ಎತ್ತು ಬಿಚ್ಚಿಕೊಂಡ.

ಹಗೇವು ತೆಗೆದ ಕೂಡಲೇ ಇಳಿಯಬಾರದು. ಒಳಗಿನ ಗಾಳಿ ಮನುಷ್ಯನನ್ನು ಕೊಲ್ಲುತ್ತದೆ. ಕಲ್ಲು ಸರಿಸಿ ಹಗ್ಗಕ್ಕೆ ಕಂದೀಲು ಕಟ್ಟಿ ಬಿಟ್ಟರು. ಆರಿತು. ಶನಿವಾರ ಬಿಟ್ಟರು. ಆರಿತು. ರವಿವಾರ ಮುಂಜಾನೆ ದೀಪ ಕೆಳಗೆ ಹೋಗಿ ಅಲ್ಲೇ ನಿಂತು ಉರಿಯಿತು. ಸುತ್ತ ನಿಂತವರೆಲ್ಲ ಬಗ್ಗಿ ನೋಡಿದೆವು. ಪಾತಾಳದಲ್ಲಿ ಯಾರೋ ಸಂಜೆಯ ದೀಪ ಹಚ್ಚಿ ನಮ್ಮ ಹಾದಿ ಕಾಯುತ್ತಿದ್ದ ಹಾಗೆ ಕಂಡಿತು.

ಹುಸೇನಸಾಬ ಇಳಿದು ಬುಟ್ಟಿ ತುಂಬಿ ಕಳಿಸಿದ. ಅಂಚಿನ ಜೋಳ ಕಪ್ಪಾಗಿ ಹೆಂಟೆಗಟ್ಟಿತ್ತು. ನಡುವಿನದು ಕೆಂಪಗೆ, ಬಿಡಿಬಿಡಿಯಾಗಿ, ಕಾಳಿಗೆ ಕಾಳು ಇತ್ತು. ವಾಸನೆ ಓಣಿಯ ಕೊನೆಯ ತನಕ ಹೋಯಿತು. ಕಟುವಾದ, ಮಣ್ಣಿನ, ಹಳೆಯ ಟ್ರಂಕು ತೆಗೆದಾಗ ಬರುವಂಥ ವಾಸನೆ.

ದೊಡ್ಡವ್ವ ಒಂದು ಬೊಗಸೆ ಎತ್ತಿ ಮೂಸಿದಳು. ಯಾರ ಕಡೆಗೂ ನೋಡದೆ ಅಂದಳು:

"ಜಕ್ಕಲಿಗೆ ಹೋಗಿದ್ದಿಲ್ಲ."

ಅಷ್ಟೇ. ಕಾಳನ್ನು ಉಡಿಯಲ್ಲಿ ಕಟ್ಟಿಕೊಂಡು ಒಳಗೆ ಹೋದಳು.

ಮಧ್ಯಾಹ್ನ ಆ ಜೋಳ ಬೀಸಿ ರೊಟ್ಟಿ ಬಡಿದಳು. ನಕ್ಕವರ ಮನೆಗಳಿಗೆಲ್ಲ ಒಂದೊಂದು ಹೋಯಿತು. (ಒಂದೂ ಮನೆ ಉಳಿಯಲಿಲ್ಲ.) ರೊಟ್ಟಿ ಕಹಿ ಇತ್ತು. ಬೇವಿನೆಲೆ ಮೇಲು. ಬಸಪ್ಪ ಕಾಕಾ ಆಕೆಯ ಎದುರೇ ಕುಳಿತು ತಿನ್ನಬೇಕಾಯಿತು.

"ಹ್ಯಾಂಗೈತಿ ಬಸಪ್ಪಾ?"

"ಭಾಳ ಚಲೋ ಐತಿ ಅಕ್ಕಾ." ಕಣ್ಣಲ್ಲಿ ನೀರು.

"ಮತ್ತೊಂದು ಹಾಕಲಿ?"

ಕಾಕಾ ಎರಡು ತಿಂದ. ನಾನೂ ತಿಂದೆ. ನಾನು ಹುಟ್ಟಿ ಬೆಳೆದ ಊರಿನ ಇತಿಹಾಸ ಇಷ್ಟು ವರ್ಷ ಓದಿದ್ದೆ, ಕೇಳಿದ್ದೆ, ಬರೆದೂ ಇದ್ದೆ. ಅಗಿದು ನುಂಗಿದ್ದು ಅವತ್ತೇ.

ಒಂದು ಪ್ರಶ್ನೆ ಉಳಿಯಿತು. ಗುಡ್ಡದ ಮೇಲಿನ ತೋಪಿಗೆ ನಮ್ಮಲ್ಲಿ ಲೆಕ್ಕವಿಲ್ಲದಷ್ಟು ಸಾಕ್ಷಿಗಳಿದ್ದಾರೆ. ಹೆಣ್ಣುಮಗಳೊಬ್ಬಳು ಒಲೆಯಿಂದ ಬೀದಿಗೆ ನಡೆದ ಹಾದಿಗೆ ಆಕೆಯ ಕಾಲಲ್ಲದೆ ಬೇರೆ ಯಾರು ಸಾಕ್ಷಿ?

ಸೋಮವಾರ ಮುಂಜಾನೆ ರೋಲರ್ ಹೊಗೆ ಉಗುಳುತ್ತ ಬಂತು. ಓವರಸಿಯರ್ ಪ್ಲಾನು ಮಡಿಚಿ ಬಗಲಲ್ಲಿಟ್ಟುಕೊಂಡು ನಮ್ಮ ಬಾಗಿಲಿಗೆ ಬಂದರು.

"ಅಜ್ಜೀ, ಈ ಓಣ್ಯಾಗ ಇನ್ನ ಎಲ್ಲೆಲ್ಲಿ ಹಗೇವು ಅದಾವ, ಸ್ವಲ್ಪ ತೋರಸ್ತೀರೇನ್ರಿ?"

ತನ್ನದನ್ನು ಹುಡುಕುತ್ತ ನಲವತ್ತು ವರ್ಷ ಓಣಿಯ ನೆಲವನ್ನೆಲ್ಲ ನೋಡಿಕೊಂಡಿದ್ದ ದೊಡ್ಡವ್ವ ಸೆರಗು ಹೊದ್ದುಕೊಂಡು ಓಣಿಗೆ ಇಳಿದಳು. ಆಕೆ ಮುಂದೆ, ಗುರುತು ಹಾಕಲು ಸುಣ್ಣದ ಬುಟ್ಟಿ ಹಿಡಿದ ಓವರಸಿಯರ್ ನಡುವೆ, ರೋಲರ್ ಹಿಂದೆ. ಊರ ಅಗಸಿ ಬಾಗಿಲ ತನಕ, ಆಕೆ ನಿಂತಲ್ಲೆಲ್ಲ ರೋಲರ್ ನಿಂತಿತು.