ಐದನೆಯ ಮಾತಿಗೆ ಒಂದು ಗ್ಲಾಸು ನೀರು

ಹೋದ ತಿಂಗಳು ವಿಜಯಪುರದಲ್ಲಿ ನನ್ನ ಹರ್ನಿಯಾ ಆಪರೇಶನ್ ಆಯಿತು. ಎಚ್ಚರವಾದಾಗ ಬಾಯಿ ಒಣಗಿ ಕಟ್ಟಿಗೆಯಾಗಿತ್ತು. ನೀರು ಕೇಳಿದರೆ, ಸ್ಪಿರಿಟ್ಟಿನ ವಾಸನೆಯ ಬೆರಳುಗಳು ಒದ್ದೆ ಹತ್ತಿಯನ್ನು ತುಟಿಗೆ ಒತ್ತಿದವು. ಅದು ತಗುಲಿದ್ದೇ ತಡ, ಸಿಂದಗಿಯ ನರ್ಸಬಾಯಿ ನೆನಪಾದರು...

ತೊಂಬತ್ತರ ದಶಕದ ಕೊನೆ. ನಾನು ಅಲ್ಲಿ ಹೈಸ್ಕೂಲಿನ ಕನ್ನಡ ಮಾಸ್ತರ. ಅವರದು ಗೋಡೆಗೆ ಗೋಡೆ ಹಚ್ಚಿದ ಮನೆ. ಸರಕಾರಿ ದವಾಖಾನೆಯಲ್ಲಿ ನರ್ಸು, ಗಂಡ ತೀರಿಕೊಂಡಿದ್ದರು. ಕ್ರಿಸ್‌ಮಸ್ಸಿಗೆ ಬಾಗಿಲಿಗೆ ಕಾಗದದ ನಕ್ಷತ್ರ ಕಟ್ಟಿ, ಮನೆಮನೆಗೂ ಕರ್ಚಿಕಾಯಿ, ಶಂಕರಪೋಳಿ ತುಂಬಿದ ತಾಟು ಹಂಚುತ್ತಿದ್ದರು. ಆ ಹಬ್ಬ ಇಡೀ ಓಣಿಯದು. ಗುಡ್ ಫ್ರೈಡೇ ಮಾತ್ರ ಅವರೊಬ್ಬರದು. ಅದಕ್ಕೂ ಮುಂಚಿನ ನಲವತ್ತು ದಿನ ವ್ರತವೆಂದು ಸಿಹಿ, ಮಾಂಸ ಬಿಟ್ಟವರು ಆ ಶುಕ್ರವಾರ ಮೂರು ಗಂಟೆಯ ತನಕ ನೀರನ್ನೂ ಮುಟ್ಟುತ್ತಿರಲಿಲ್ಲ.

ಅಂದು ಹನ್ನೆರಡರಿಂದ ಮೂರರ ವರೆಗೆ ಚರ್ಚಿನಲ್ಲಿ ಆರಾಧನೆ. ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಬಗ್ಗೆ ಸಭೆಯ ಏಳು ಜನ ಒಬ್ಬೊಬ್ಬರಾಗಿ ಎದ್ದು ಮಾತಾಡಬೇಕು. ಆ ವರ್ಷ ಐದನೆಯದು, 'ನನಗೆ ನೀರಡಿಕೆಯಾಗಿದೆ' ಎಂಬ ಮಾತು, ಇವರ ಪಾಲಿಗೆ ಬಂತು. ಇವರು ಹೆರಿಗೆ ವಾರ್ಡಿನಲ್ಲಿ ಗದರಿದರೆ ದವಾಖಾನೆ ನಡುಗುತ್ತಿತ್ತು. ಜನರೆದುರು ಮಾತಾಡುವುದೆಂದರೆ ಇವರೇ ನಡುಗುತ್ತಿದ್ದರು. ಹಿಂದೊಮ್ಮೆ ಹೀಗೇ ನಿಂತು, ಬಾಯಿ ಕಟ್ಟಿ, ಅಳುತ್ತ ಕೂತಿದ್ದರಂತೆ.

"ಸರ್ರ, ನೀವ ಬರದ ಕೊಡ್ರಿ. ಈ ಸಲಾನೂ ಬಾಯಿ ಕಟ್ಟಿತಂದ್ರ ನಾ ಮತ್ತ ಆ ಚರ್ಚಿನ ಮೆಟ್ಟಲಾ ಹತ್ತಂಗಿಲ್ಲ."

ಬರೆದುಕೊಟ್ಟೆ. ನಾಲ್ಕು ಪುಟ. ಮೂರು ಕಡೆ 'ತೃಷೆ', ಎರಡು ಕಡೆ 'ಪಿಪಾಸೆ'. ಓದಿ ನನಗೇ ರೋಮಾಂಚನವಾಯಿತು. ಆಮೇಲೆ ನನ್ನ ಹುಟ್ಟುಗುಣ ಶುರುವಾಯಿತು: ಉಪವಾಸ, ಏಪ್ರಿಲ್ ಬಿಸಿಲು, ತಗಡಿನ ಚರ್ಚು... ಇವರು ಎಲ್ಲಿ ತಲೆ ತಿರುಗಿ ಬೀಳುತ್ತಾರೋ! ಗಡಿಗೆಯ ನೀರು ಬಾಟಲಿಗೆ ತುಂಬಿ, ಒಂದು ಸ್ಟೀಲ್ ಗ್ಲಾಸು ಚೀಲಕ್ಕೆ ಹಾಕಿಕೊಂಡು ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ.

ಅವರ ಸರದಿ ಬಂತು. ಬಿಳಿ ಸೀರೆ, ಕೈಯಲ್ಲಿ ನನ್ನ ನಾಲ್ಕು ಪುಟ. ಬಾಯಿ ತೆರೆದರು, ಸದ್ದಿಲ್ಲ. ಇನ್ನೊಮ್ಮೆ ತೆರೆದರು. ನನಗೆ ಮತ್ತೇನೂ ಹೊಳೆಯಲಿಲ್ಲ. ಗ್ಲಾಸು ತುಂಬಿಕೊಂಡು ಎಲ್ಲರ ನಡುವೆ ನಡೆದು ಅವರ ಮುಂದೆ ಹಿಡಿದೆ. ಉಪವಾಸದ ದಿನ, ಅದೂ ನೀರಡಿಕೆಯ ಮಾತಿನ ಹೊತ್ತಿಗೇ!

"ಯಾಂವಲೇ ಇಂವಾ?" ಎಂದಳು ಮುಂದಿನ ಸಾಲಿನ ಮುದುಕಿ.

ನರ್ಸಬಾಯಿ ಗ್ಲಾಸು ನೋಡಿದರು, ನನ್ನನ್ನು ನೋಡಿದರು. ಇಸಿದುಕೊಂಡು ಗಟಗಟ ಕುಡಿದೇಬಿಟ್ಟರು.

"ಆತ ನೀರಡಿಸಿದಾಗ ಸ್ಪಂಜಿನಾಗ ಹುಳಿರಸ ಕೊಟ್ರು. ನಮ್ಮ ಸರ್ರು ಗಡಿಗಿ ನೀರ ತಂದಾರ."

ಯಾರೋ ಕಿಸಕ್ಕೆಂದರು. ನರ್ಸಬಾಯಿಯ ದನಿ ಬಿಚ್ಚಿತು. ನನ್ನ ನಾಲ್ಕು ಪುಟ ಮಡಚಿ ಸೊಂಟಕ್ಕೆ ಸಿಕ್ಕಿಸಿದರು.

"ಆಪರೇಶನ್ ಆದವರು ನೀರ ಬೇಡ್ತಾರ್ರಿ. ಕೊಡಬ್ಯಾಡ ಅಂತಾರ ಡಾಕ್ಟರು. ನಾ ಹತ್ತಿ ತೊಯ್ಸಿ ತುಟಿಗಿ ಹಚ್ಚತೇನಿ. ಆವಾಗ ಅವರ ಮಾರಿ ನೋಡಾಕ ಆಗಂಗಿಲ್ರಿ. ಶಿಲುಬಿ ಕೆಳಗ ನಿಂತಾಕಿ ಹಡದ ಅವ್ವ... ಆಕಿ ಹ್ಯಾಂಗ ನೋಡಿದಳೋ."

ಬೀಸಣಿಕೆಗಳೆಲ್ಲ ನಿಂತುಹೋದವು.

ಭಾನುವಾರ ಈಸ್ಟರ್. ನಸುಕಿನಲ್ಲಿ ಗಂಡನ ಸಮಾಧಿಗೆ ಹೂವು, ಮೇಣಬತ್ತಿ ಇಟ್ಟು ಬಂದವರು ನನ್ನ ಬಾಗಿಲಿಗೆ ಕೇಕು ತಂದರು. "ಮುಂದಿನ ವರ್ಷಾನೂ ಐದನೇ ಮಾತು ನಂದ ಅಂತ್ರಿ. ಬರ್ರಿ ಸರ್ರ, ಗ್ಲಾಸ್ ಬಿಟ್ಟ ಬರ್ರಿ."

ಹೋಗಲಿಲ್ಲ. ಆ ಮುದುಕಿ ಗುರುತು ಹಿಡಿದಾಳೆಂಬ ಚಿಂತೆ. ಪ್ರತಿ ವರ್ಷ ಅವರು ಕರೆದರು, ಪ್ರತಿ ವರ್ಷ ನಾನು ನೆಪ ಹೇಳಿದೆ. ಮುಂದೆ ನನಗೆ ಇಂಡಿಗೆ ವರ್ಗವಾಯಿತು. ಅವರು ನಿವೃತ್ತರಾಗಿ ತಮ್ಮನ ಊರಿಗೆ ಹೋದರು. ತೀರಿಕೊಂಡ ಸುದ್ದಿ ನನಗೆ ಮುಟ್ಟಿದಾಗ ಮಣ್ಣಾಗಿ ಎರಡು ತಿಂಗಳಾಗಿತ್ತು.

ಸಿಂದಗಿ ಬಿಡುವ ತನಕ ಪ್ರತಿ ಗುಡ್ ಫ್ರೈಡೇಗೂ ಅವರೇ ಎದ್ದು ನಿಂತರಂತೆ, ಒಮ್ಮೆಯೂ ಬಾಯಿ ಕಟ್ಟಲಿಲ್ಲವಂತೆ. ಏನೇನು ಹೇಳಿದರೋ... ಪಕ್ಕದ ಮನೆಯಲ್ಲೇ ಇದ್ದವನು ನಾನು, ಮತ್ತೊಂದು ಸಲ ಹೋಗಿ ಕೇಳಲಿಲ್ಲ. ಈಗ ಕೇಳುವ ಮನಸ್ಸಿದೆ, ಹೇಳುವವರಿಲ್ಲ.