ಬಂದ ದಾರಿಗೆ ಮುಖ ಮಾಡಿದ ಬೆಂಚುಗಳು

ನಮ್ಮೂರಿನ ನದಿದಂಡೆಯಲ್ಲಿ ನಡೆಯುವುದಕ್ಕೆ ಯಾವ ಕಸರತ್ತೂ ಬೇಕಿಲ್ಲ. ಉದ್ಯಾನದ ದೊಡ್ಡ ಮರಗಳ ಕೆಳಗೆ ಹೊರಟ ಕಾಲುದಾರಿ ಹುಲ್ಲುಗಾವಲು ಹಾದು, ಜೊಂಡಿನ ಪಕ್ಕಪಕ್ಕವೇ ಸಾಗಿ, ಮರದ ಕಿರುಸೇತುವೆ ದಾಟಿ, ಹಳ್ಳ ಬಂದು ನದಿಗೆ ಕೂಡುವ ಜಾಗದಲ್ಲಿ ಸುಮ್ಮನೆ ನಿಂತುಬಿಡುತ್ತದೆ. ನದಿಗೂ ಅವಸರವಿಲ್ಲ. ನೀರಿನ ಮೇಲೆ ಮಂಜು ಇನ್ನೂ ಕೂತಿರುವ ಹೊತ್ತಿನಲ್ಲಿ ಅಲ್ಲಿ ಹೋದರೆ, ಎದ್ದು ಬಂದಿದ್ದೇನೋ ಇನ್ನೂ ಹಾಸಿಗೆಯಲ್ಲೇ ಇದ್ದೇನೋ ಎಂದು ಅನುಮಾನವಾಗುತ್ತದೆ.

ಆ ದಾರಿಯ ಬೆಂಚುಗಳೆಲ್ಲ ಉದ್ಯಾನದ ಬಡಗಿಯಾದ ನಮ್ಮ ಚಿಕ್ಕಪ್ಪನ ಕೈಕೆಲಸ. ಗಟ್ಟಿಮುಟ್ಟು, ಕೂತರೆ ಏಳುವ ಮನಸ್ಸಾಗದಷ್ಟು ಹದ. ಆದರೆ ಒಂದು ಬೆಂಚಾದರೂ ನದಿಯ ಕಡೆ ಮುಖ ಮಾಡಿರಲಿಲ್ಲ. ಎಲ್ಲವೂ ಬಂದ ದಾರಿಯನ್ನೇ ನೋಡುತ್ತಿದ್ದವು. ನದಿ ಬೇಕಾದವರು ಕತ್ತು ತಿರುಗಿಸಬೇಕು. ಜನ ಅವನಿಗೆ ಉಲ್ಟಾ ಮೇಸ್ತ್ರಿ ಎಂದು ಹೆಸರಿಟ್ಟರು. ಅವನು ಅದನ್ನೂ ಬಿರುದಿನ ಹಾಗೆ ಇಟ್ಟುಕೊಂಡ.

ಇದಕ್ಕೆಲ್ಲ ಕಾರಣ ಚಿಕ್ಕಮ್ಮ. ಬಟ್ಟೆ ಒಗೆಯುವ ಅಂಗಡಿಯಲ್ಲಿ ದಿನವಿಡೀ ಹಬೆಯ ನಡುವೆ ನಿಂತು ಇಸ್ತ್ರಿ ಹಾಕುತ್ತಿದ್ದವಳು, ಒಂದು ಚಳಿಗಾಲ ಎದೆ ಕಟ್ಟಿ ಮಲಗಿದ ಮೇಲೆ ಮೊದಲಿನಂತಾಗಲಿಲ್ಲ. ಅಡುಗೆಮನೆಯ ಕಿಟಕಿಯವರೆಗೆ ಹೋಗುವಷ್ಟರಲ್ಲಿ ಏದುಸಿರು. ತರಕಾರಿಯನ್ನೂ ಮಂಚದ ಮೇಲೆ ಕೂತೇ ಹೆಚ್ಚುತ್ತಿದ್ದಳು. ಅವಳ ಆಸೆ ಮಾತ್ರ ಒಂದೇ: ಹುಡುಗಿಯಾಗಿದ್ದಾಗ ಓಡಿಹೋಗುತ್ತಿದ್ದ ಆ ಎರಡು ನೀರು ಕೂಡುವ ಜಾಗವನ್ನು ಇನ್ನೊಮ್ಮೆ ನೋಡಬೇಕು, ಅದೂ ತನ್ನ ಕಾಲ ಮೇಲೆ ಹೋಗಿ.

“ತಳ್ಳುಕುರ್ಚಿ ತರ್ತೀನಿ” ಎಂದು ಚಿಕ್ಕಪ್ಪ ಹೇಳಿ ನೋಡಿದ.

“ತಳ್ಕೊಂಡು ಹೋಗೋಕೆ ನಾನೇನು ಮೂಟೆನಾ? ನಡೆದೇ ಹೋಗ್ತೀನಿ.”

ದಿನಾ ಸ್ವಲ್ಪ ನಡೆಯಿರಿ, ಸುಸ್ತಾದಲ್ಲಿ ಕೂತುಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ಚಿಕ್ಕಪ್ಪ ಅದನ್ನು ಅಕ್ಷರಶಃ ತೆಗೆದುಕೊಂಡ. ಅವಳಿಗೆ ಸುಸ್ತಾದಲ್ಲೆಲ್ಲ ಒಂದು ಬೆಂಚು ಹುಟ್ಟಿತು. ಉಸಿರು ಬೆಳೆದ ಹಾಗೆ ಬೆಂಚುಗಳೂ ಹುಲ್ಲುಗಾವಲು ದಾಟಿ ಮುಂದೆ ಹೋದವು. ಮೊದಲ ದಿನ ಉರುಳಿಬಿದ್ದಿದ್ದ ಮರದ ದಿಮ್ಮಿಯ ಮೇಲೆ ಅವಳು ಕೂತಾಗ ಬಂದ ದಾರಿಯ ಕಡೆಗೇ ತಿರುಗಿ ಕೂತಿದ್ದಳು. ಮಾರನೆಯ ದಿನವೂ ಹಾಗೇ. ಎಷ್ಟು ದೂರ ಬಂದೆ ಎಂದು ನೋಡಿಕೊಂಡು ಧೈರ್ಯ ತಂದುಕೊಳ್ಳುತ್ತಾಳೆ ಎಂದು ಚಿಕ್ಕಪ್ಪ ತೀರ್ಮಾನಿಸಿಬಿಟ್ಟ. ಬಾಯಿಬಿಟ್ಟು ಕೇಳುವುದು ಅವನ ಜಾಯಮಾನವೇ ಅಲ್ಲ.

ಜೊತೆಯಲ್ಲಿ ನಡೆಯುವುದೂ ಅವನಿಗೆ ಗೊತ್ತಿಲ್ಲ. ಹೆಗಲಿಗೆ ಹತ್ಯಾರದ ಚೀಲ ಬಿದ್ದೇ ಇರುತ್ತದೆ. ಬೇಲಿಯ ಗೇಟಿನಲ್ಲಿ ಸಡಿಲವಾದ ಅಗುಳಿ, ಬೆಂಚಿನಲ್ಲಿ ಎದ್ದ ಮೊಳೆ ಕಂಡರೆ ಅಲ್ಲೇ ಠಿಕಾಣಿ. “ನೀನು ನಡೀತಿರು, ಬಂದೆ” ಅನ್ನುತ್ತಾನೆ. ಆ “ಬಂದೆ” ಎಷ್ಟು ಹೊತ್ತಿನದು ಎಂದು ಮನೆಯವರಿಗೆಲ್ಲ ಗೊತ್ತು.

ಕೊನೆಗೆ ಬೆಂಚುಗಳು ಸೇತುವೆಯ ಹತ್ತಿರ ಬಂದವು. ಸೇತುವೆಯಾಚೆ ಇನ್ನೊಂದೇ ಒಂದು ಬೇಕಿತ್ತು. ಅಷ್ಟರಲ್ಲಿ ಉದ್ಯಾನಕ್ಕೆ ಹೊಸ ಮೇಲ್ವಿಚಾರಕರು ಬಂದರು. ಮೆದು ಮಾತಿನ ಮನುಷ್ಯ. ನಾನು ಚಿಕ್ಕಪ್ಪನಿಗೆ ಊಟದ ಡಬ್ಬಿ ಕೊಡಲು ಹೋಗಿದ್ದಾಗ ಅವರು ಹೆರೆದ ಮರದ ಸುರುಳಿಗಳ ಮಧ್ಯೆ ಜಾಗ ಮಾಡಿಕೊಂಡು ನಿಂತಿದ್ದರು.

“ಮೇಸ್ತ್ರಿಗಳೇ, ಜನ ಬರೋದು ನದಿ ನೋಡೋಕೆ. ಕತ್ತು ಉಳುಕತ್ತೆ ಅಂತ ದೂರು ಬರ್ತಿದೆ. ಇರೋವನ್ನ ತಿರುಗಿಸಿ, ಹೊಸದಕ್ಕೆ ಮರ ಕೊಡ್ತೀನಿ.”

“ತಿರುಗಿಸಲ್ಲ ಸಾರ್. ಬಂದ ದಾರಿ ಕಂಡ್ರೇನೇ ನನ್ನ ಹೆಂಡ್ತಿ ಮತ್ತೆ ಎದ್ದು ನಡೆಯೋದು.”

ಅವರು ಅಂಗಿಗೆ ಅಂಟಿದ ಮರದ ಸುರುಳಿಯೊಂದನ್ನು ತೆಗೆದರು. “ದಂಡೆ ಎಲ್ಲರದ್ದೂ ಅಲ್ವಾ?” ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಚಿಕ್ಕಪ್ಪ ಪಟ್ಟು ಹಿಡಿದರೆ ಜಪ್ಪಯ್ಯ ಅಂದರೂ ಬಗ್ಗುವವನಲ್ಲ. ಕೊನೆಯ ಬೆಂಚಿನ ಕೆಲಸ ಅಲ್ಲಿಗೇ ನಿಂತುಹೋಯಿತು.

ಚಿಕ್ಕಮ್ಮ ದಿನಾ ಸೇತುವೆಯವರೆಗೆ ಹೋಗಿ, ಕೂತು, ವಾಪಸು ಬರುತ್ತಿದ್ದಳು. ಚಳಿ ಶುರುವಾದರೆ ಹೊರಗೆ ಕಾಲಿಡಬಾರದೆಂದು ಡಾಕ್ಟರ ಕಟ್ಟಪ್ಪಣೆ. ಒಳಗೇ ಕೂತರೆ ಕಷ್ಟಪಟ್ಟು ಗಳಿಸಿದ ಉಸಿರು ಮತ್ತೆ ಬರುತ್ತದೋ ಇಲ್ಲವೋ, ಯಾರಿಗೆ ಗೊತ್ತು. ಎಲೆಗಳು ಉದುರತೊಡಗಿದ್ದವು. ನಾನು ತಡೆಯಲಾರದೆ, ಬೆಂಚಿನ ಕೆಲಸ ಯಾಕೆ ನಿಂತಿತೆಂದು ಅವಳಿಗೆ ಹೇಳಿಯೇಬಿಟ್ಟೆ.

ಅವಳು ಕೆಮ್ಮು ಬರುವವರೆಗೆ ನಕ್ಕಳು. “ಬಂದ ದಾರಿ ನೋಡೋಕಾ? ಅದನ್ನ ನೋಡಿದ್ರೆ ನಂಗೆ ಇನ್ನೂ ಸುಸ್ತಾಗತ್ತೆ ಕಣೇ.”

ಮಾರನೆಯ ಬೆಳಿಗ್ಗೆ ಅವಳೂ ನಾನೂ ಸೇತುವೆಯ ಬಳಿ ಕೂತಿದ್ದೆವು. ಮಂಜಿನೊಳಗಿಂದ ಮೊದಲು ಚೀಲದ ಸದ್ದು, ಆಮೇಲೆ ಟೋಪಿ, ಆಮೇಲೆ ಚಿಕ್ಕಪ್ಪ ಬಂದ.

“ರೀ, ನಾನು ದಾರಿ ನೋಡ್ತಾ ಕೂರ್ತಿರಲಿಲ್ಲ. ನಿಮ್ಮನ್ನ ನೋಡ್ತಿದ್ದೆ. ನೀವು ಎಲ್ಲೋ ಹಿಂದೆ ಮೊಳೆ ಹೊಡೀತಾ ನಿಂತಿರ್ತೀರಿ. ಉಸಿರು ಸಿಗದೇ ಇದ್ದಾಗ ನೀವು ಬರೋದು ಕಂಡ್ರೆ ಭಯ ಹೋಗತ್ತೆ. ಅಷ್ಟೇ.”

ಚಿಕ್ಕಪ್ಪ ಚೀಲ ಕೆಳಗಿಟ್ಟ. “ಮೊದ್ಲೇ ಹೇಳಬಾರದಿತ್ತಾ?”

“ನೀವು ಕೇಳಿದ್ರಾ?”

ಇನ್ನು ಪಕ್ಕದಲ್ಲೇ ನಡೆಯುತ್ತೇನೆ ಎಂದು, ಅದೇ ವಾರ ಅವನು ಬೆಂಚುಗಳನ್ನೆಲ್ಲ ಕಿತ್ತು ನದಿಯ ಕಡೆ ತಿರುಗಿಸಿ ನೆಟ್ಟ. ಮೇಲ್ವಿಚಾರಕರು ಮರ ಕೊಟ್ಟರು, ಹೊಸ ಬೆಂಚಿನ ಒಂದು ತುದಿಯನ್ನು ತಾವೇ ಹಿಡಿದುಕೊಂಡು ಸೇತುವೆ ದಾಟಿಸಿದರು. ಚಳಿಗೆ ಮುಂಚೆ ಕೊನೆಯ ಬೆಂಚು ನಿಂತಿತು.

ಆ ದಿನ ಚಿಕ್ಕಪ್ಪ ಚೀಲವನ್ನು ಮನೆಯಲ್ಲೇ ಬಿಟ್ಟು ಬಂದ. ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡಿದ. ಸಡಿಲವಾದ ಅಗುಳಿಯೊಂದರ ಮುಂದೆ ಅವನ ಕಾಲು ತಡವರಿಸಿತು, ಆದರೂ ನಿಲ್ಲಲಿಲ್ಲ. ಅವಳ ಪಕ್ಕದಲ್ಲೇ, ಅವಳ ಹೆಜ್ಜೆಗೆ ಹೆಜ್ಜೆ ಹಾಕಿ ನಡೆದ. ಸೇತುವೆಯಾಚೆ ಇಬ್ಬರೂ ಕೂತರು. ಹಳ್ಳದ ಕಂದು ನೀರೂ ನದಿಯ ಹಸಿರು ನೀರೂ ಬಹಳ ದೂರ ಬೆರೆಯದೆ ಅಕ್ಕಪಕ್ಕ ಹೋಗುತ್ತಿದ್ದವು. “ಹೀಗೇ ಇತ್ತು” ಎಂದಳು ಚಿಕ್ಕಮ್ಮ. ನಾನು ಹಿಂದೆ ನಿಂತು ಅತ್ತುಬಿಟ್ಟೆ, ಸಂತೋಷಕ್ಕೇ.

ಅಂಥ ಬುದ್ಧಿ ಎಷ್ಟು ದಿನ ಉಳಿದೀತು? ಬೇಸಿಗೆಯ ಹೊತ್ತಿಗೆ ಚೀಲ ಮತ್ತೆ ಹೆಗಲೇರಿತು. ಈಗ ಬೆಂಚುಗಳಲ್ಲಿ ಕೂತವರೆಲ್ಲ ನದಿ ನೋಡುತ್ತಾರೆ. ಚಿಕ್ಕಮ್ಮ ಮಾತ್ರ ಬೆಂಚಿನ ತುದಿಯಲ್ಲಿ ಕೂತು, ಕತ್ತು ಪೂರ್ತಿ ಹಿಂದಕ್ಕೆ ತಿರುಗಿಸಿಕೊಂಡಿರುತ್ತಾಳೆ.

“ಕತ್ತು ಉಳುಕತ್ತೆ ಚಿಕ್ಕಮ್ಮ, ನದಿ ನೋಡು” ಅನ್ನುತ್ತೇನೆ.

“ನದಿ ಎಲ್ಲಿಗೆ ಹೋಗತ್ತೆ, ಇಲ್ಲೇ ಇರತ್ತೆ. ಇವರಿನ್ನೂ ಬಂದಿಲ್ಲ ನೋಡು.”